ಹೇಲೋ ಆಡುವುದಾದರೆ ರೀಚ್‌ನಿಂದ ಶುರು ಮಾಡಬೇಡಿ

ಹೇಲೋ ಶೂಟರ್ ಸರಣಿಯ ಇನ್ಫಿನಿಟ್ ಮುಗಿಸಿ, ಈಗ ಪಿಸಿಗೆ ಹಳೇ ಹೇಲೋ ಗೇಮ್‌ಗಳ ಕಟ್ಟಾದ ಮಾಸ್ಟರ್ ಚೀಫ್ ಕಲೆಕ್ಷನ್ ತಗೊಂಡಿದ್ದೀರಿ. ಮೆನುವಿನಲ್ಲಿ ರೀಚ್ ಮೊದಲಿದೆ, ಅಲ್ಲಿಂದಲೇ ಶುರು ಮಾಡಲಾ ಅಂತ ಕೇಳಿದ್ದೀರಿ. ಕೆಲವರು ಹೌದು ಅಂದಿದ್ದಾರೆ. ನಾನಂತೂ ಬೇಡ ಅನ್ನುತ್ತೇನೆ.

ಕಥೆಯ ಪ್ರಕಾರ ರೀಚ್ ಮೊದಲು, ನಿಜ. ಆದರೆ ಅದು ಬಂದಿದ್ದು 2010ರಲ್ಲಿ. ಅದರಲ್ಲಿ ಜೋರಾಗಿ ಓಡಬಹುದು, ಜೆಟ್‌ಪ್ಯಾಕ್ ಹಾಕಿಕೊಂಡು ಹಾರಬಹುದು. ಅದನ್ನು ಆಡಿ 2001ರ ಮೊದಲ ಹೇಲೋಗೆ ಬಂದರೆ ಓಡುವ ಬಟನ್ನೇ ಇಲ್ಲ! ಅರ್ಧಕ್ಕೇ ಬಿಟ್ಟುಬಿಡುತ್ತೀರಿ. ಬಿಡುಗಡೆಯಾದ ಕ್ರಮದಲ್ಲೇ ಆಡಿ. ಯಾವುದು ಯಾವಾಗ ಸೇರಿತು ಅಂತ ಕೈಗೇ ಗೊತ್ತಾಗುತ್ತದೆ.

ಮೊದಲನೆಯದು ಕಾಂಬ್ಯಾಟ್ ಇವಾಲ್ವ್ಡ್. 1999ರಲ್ಲಿ ಇದನ್ನು ಮೊದಲು ತೋರಿಸಿದ್ದು ಆಪಲ್ ವೇದಿಕೆಯಲ್ಲಿ, ಸ್ಟೀವ್ ಜಾಬ್ಸ್. ಮರುವರ್ಷ ಮೈಕ್ರೋಸಾಫ್ಟ್ ಇದನ್ನು ಮಾಡುತ್ತಿದ್ದ ಬಂಜೀ ಕಂಪನಿಯನ್ನೇ ಕೊಂಡುಕೊಂಡಿತು, ಗೇಮ್ ಎಕ್ಸ್‌ಬಾಕ್ಸ್ ಜೊತೆ ಹೊರಬಂತು. ಅದಕ್ಕೂ ಮುಂಚಿನ ಹೆಚ್ಚಿನ ಶೂಟರ್‌ಗಳಲ್ಲಿ ಹತ್ತು ಗನ್ ಹೊತ್ತುಕೊಂಡು, ಹೆಲ್ತ್ ಡಬ್ಬಿ ಹುಡುಕುತ್ತಾ ತಿರುಗಬೇಕಿತ್ತು. ಇಲ್ಲಿ ಎರಡೇ ಗನ್. ಸ್ವಲ್ಪ ಹೊತ್ತು ಮರೆಯಲ್ಲಿ ನಿಂತರೆ ಶೀಲ್ಡ್ (ರಕ್ಷಾಕವಚ) ತಾನೇ ತುಂಬಿಕೊಳ್ಳುತ್ತದೆ, ಅದರ ಕೆಳಗಿನ ಹೆಲ್ತ್‌ಗೆ ಮಾತ್ರ ಡಬ್ಬಿ ಬೇಕು. ಗ್ರೆನೇಡ್‌ಗೆ ಒಂದು ಬಟನ್, ಗುದ್ದಿಗೆ ಇನ್ನೊಂದು. ಕೈಯಲ್ಲಿರುವ ಗನ್ ಬದಲಿಸದೇ ಎರಡನ್ನೂ ಮಾಡಬಹುದು. ಇವತ್ತು ಎಲ್ಲ ಗೇಮಲ್ಲೂ ಇದು ಮಾಮೂಲು, ಆವತ್ತು ಹಾಗಿರಲಿಲ್ಲ.

ಇದನ್ನು ಈಸಿಯಲ್ಲಿ ಆಡಬೇಡಿ, ಹೀರೋಯಿಕ್ ಎಂಬ ಕಷ್ಟದ ಮಟ್ಟದಲ್ಲಿ ಆಡಿ. ಆಗ ಮಾತ್ರ ಶತ್ರುಗಳ ಬುದ್ಧಿ ಕಾಣುತ್ತದೆ. ಎಲೀಟ್ ಎಂಬ ದೊಡ್ಡ ಶತ್ರು ಪಕ್ಕಕ್ಕೆ ಜಿಗಿದು ತಪ್ಪಿಸಿಕೊಳ್ಳುತ್ತಾನೆ. ಅವನನ್ನು ಮೊದಲು ಕೆಡವಿದರೆ ಜೊತೆಗಿರುವ ಗ್ರಂಟ್ ಎಂಬ ಚಿಕ್ಕ ಶತ್ರುಗಳು ಕೂಗಾಡುತ್ತಾ ಓಡುತ್ತಾರೆ. ಪ್ಲಾಸ್ಮಾ ಪಿಸ್ತೂಲಿನ ಬಟನ್ ಒತ್ತಿ ಹಿಡಿದು ಬಿಟ್ಟರೆ ಎಲೀಟ್‌ನ ಶೀಲ್ಡ್ ಹೋಗುತ್ತದೆ, ತಕ್ಷಣ ಮಾಮೂಲಿ ಪಿಸ್ತೂಲಿನಿಂದ ತಲೆಗೆ ಒಂದು. ಈ ಜೋಡಿ ಮುಂದೆಯೂ ಬಹಳ ಕಡೆ ಕೆಲಸಕ್ಕೆ ಬರುತ್ತದೆ. ಲೈಬ್ರರಿ ಅನ್ನುವ ಮಿಷನ್ ಮಾತ್ರ ಶುದ್ಧ ಬೋರು, ಹಲ್ಲು ಕಚ್ಚಿಕೊಂಡು ದಾಟಿಬಿಡಿ.

2004ರ ಎರಡನೆಯದರಲ್ಲಿ ಹೆಲ್ತ್ ಬಾರ್ ತೆಗೆದರು. ಎರಡು ಕೈಯಲ್ಲಿ ಎರಡು ಗನ್ ಕೊಟ್ಟರು. ಶತ್ರುವಿನ ಗಾಡಿಗೆ ಹಾರಿ ಅವನನ್ನು ಎಸೆದು ಕಿತ್ತುಕೊಳ್ಳಬಹುದು. ಅರ್ಧ ಕಥೆ ಆರ್ಬಿಟರ್ ಎಂಬ ಎಲೀಟ್‌ನದು. ಆದರೆ ಇದರ ನಿಜವಾದ ಸಾಧನೆ ಆನ್‌ಲೈನ್. ಅಲ್ಲಿಯವರೆಗೆ ಹೆಚ್ಚಿನ ಶೂಟರ್‌ಗಳಲ್ಲಿ ಸರ್ವರ್ ಪಟ್ಟಿ ನೋಡಿ ನಾವೇ ಆರಿಸಿ ಒಳಗೆ ಹೋಗಬೇಕಿತ್ತು. ಇದರಲ್ಲಿ ಸ್ನೇಹಿತರ ಜೊತೆ ಪಾರ್ಟಿ (ಗುಂಪು) ಮಾಡಿಕೊಂಡು ಪ್ಲೇಲಿಸ್ಟ್, ಅಂದರೆ ಆಟದ ಬಗೆ, ಆರಿಸಿದರೆ ಸಾಕು, ನಿಮ್ಮ ಮಟ್ಟದ ಎದುರಾಳಿಗಳನ್ನು ಅದೇ ಹುಡುಕಿಕೊಡುತ್ತಿತ್ತು. ಈಗಿನ ಹೆಚ್ಚಿನ ಆನ್‌ಲೈನ್ ಶೂಟರ್‌ಗಳು ಈ ದಾರಿಯಲ್ಲೇ ಬಂದವು, ಅಲ್ವಾ? ಕಥೆ ಮಾತ್ರ ಮಧ್ಯದಲ್ಲೇ ಕಟ್ ಆಗುತ್ತದೆ. ನಿಮಗೆ ಪರವಾಗಿಲ್ಲ, ಮುಂದಿನದು ಕೈಯಲ್ಲೇ ಇದೆ. ಆವತ್ತಿನವರು 2007ರವರೆಗೆ ಕಾದರು. ಇದನ್ನು ಅತಿ ಕಷ್ಟದ ಲೆಜೆಂಡರಿ ಮಟ್ಟದಲ್ಲಿ ಮುಟ್ಟಲೇಬೇಡಿ, ಜಾಕಲ್ ಎಂಬ ಶತ್ರು ಸ್ನೈಪರ್‌ಗಳು ಒಂದೇ ಗುಂಡಿಗೆ ಮುಗಿಸುತ್ತಾರೆ.

ಮೂರನೆಯದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಹದವಾದದ್ದು. ಮ್ಯಾಪ್ ತಿದ್ದುವ ಫೋರ್ಜ್, ಆಡಿದ್ದನ್ನು ಮತ್ತೆ ನೋಡುವ ಥಿಯೇಟರ್ ಬಂದಿದ್ದು ಇದರಲ್ಲೇ. 2009ರ ಓಡಿಎಸ್‌ಟಿಯಲ್ಲಿ ಸರಣಿಯ ನಾಯಕ ಮಾಸ್ಟರ್ ಚೀಫ್ ಇಲ್ಲ. ನೀವು ಸಾಮಾನ್ಯ ಸೈನಿಕ, ರಾತ್ರಿ ಹೊತ್ತು, ಮಳೆ ಬಿದ್ದ ಖಾಲಿ ಊರು. ಅವಸರ ಮಾಡದೆ ಆಡಿ. ಆಮೇಲೆ ರೀಚ್. ಬಂಜೀ ಮಾಡಿದ ಕೊನೆಯ ಹೇಲೋ ಅದು. ಮೊದಲ ಮೂರು ಆಡಿದ್ದರೆ ಅದರ ಕೊನೆ ಜಾಸ್ತಿ ತಟ್ಟುತ್ತದೆ.

2012ರ ನಾಲ್ಕನೆಯದರಿಂದ ಸರಣಿ 343 ಇಂಡಸ್ಟ್ರೀಸ್ ಎಂಬ ಸ್ಟುಡಿಯೋ ಕೈಗೆ ಹೋಯಿತು. ಎಲ್ಲರಿಗೂ ಓಟ, ಆನ್‌ಲೈನ್‌ನಲ್ಲಿ ಅವರವರೇ ಆರಿಸಿದ ಗನ್. ಕಾಲ್ ಆಫ್ ಡ್ಯೂಟಿ ಎಂಬ ಶೂಟರ್‌ನ ಗಾಳಿ ಜೋರಾಗಿ ಬೀಸಿದ ಕಾಲ ಅದು. ಚೀಫ್‌ನ ಎಐ ಜೊತೆಗಾತಿ ಕೊರ್ಟಾನಾ ಕಥೆ ಚೆನ್ನಾಗಿದೆ, ಹೊಸ ಶತ್ರುಗಳು ಸುಮ್ನೆ ಗುಂಡು ನುಂಗುತ್ತಾರೆ. ಐದನೆಯದು ಕಲೆಕ್ಷನ್‌ನಲ್ಲಿಲ್ಲ, ಅದರ ಕ್ಯಾಂಪೇನ್ (ಕಥೆಯ ಭಾಗ) ಪಿಸಿಗೆ ಬರಲೇ ಇಲ್ಲ. ಒಂದೇ ಪರದೆ ಹಂಚಿಕೊಂಡು ಆಡುವ ಸ್ಪ್ಲಿಟ್ ಸ್ಕ್ರೀನ್ ತೆಗೆದು ಬೈಸಿಕೊಂಡದ್ದೂ ಅದೇ. ಆನ್‌ಲೈನ್‌ನಲ್ಲಿ ಎಲ್ಲರಿಗೂ ಒಂದೇ ಗನ್ ಕೊಟ್ಟು ಶುರು ಮಾಡುವ ಹಳೇ ಪದ್ಧತಿಗೆ ಐದನೆಯದರ ಅರೀನಾ ಮೋಡ್‌ನಲ್ಲೇ ಮರಳಿದ್ದರು, ಇನ್ಫಿನಿಟ್‌ನಲ್ಲೂ ಅದನ್ನು ನೀವೇ ನೋಡಿದ್ದೀರಿ.

ತಮ್ಮನ ಜೊತೆ ಆಡಬೇಕು ಅಂದಿದ್ದಿರಿ. ಪಿಸಿ ಕಲೆಕ್ಷನ್‌ನಲ್ಲಿ ಅಧಿಕೃತವಾಗಿ ಸ್ಪ್ಲಿಟ್ ಸ್ಕ್ರೀನ್ ಇಲ್ಲ. ಆನ್‌ಲೈನ್‌ನಲ್ಲಿ ಜೊತೆಯಾಗಿ (ಕೋ-ಆಪ್) ಆಡಬೇಕು, ಇಲ್ಲವೇ ಎಕ್ಸ್‌ಬಾಕ್ಸ್ ಬೇಕು. ಎಲ್ಲ ಗೇಮನ್ನೂ ಒಟ್ಟಿಗೆ ಇಳಿಸಬೇಕಾಗಿಲ್ಲ, ಒಂದೊಂದಾಗಿ ಇನ್‌ಸ್ಟಾಲ್ ಮಾಡಬಹುದು. ಮೊದಲೆರಡರಲ್ಲಿ ಆಡುತ್ತಲೇ ಹಳೇ-ಹೊಸ ಗ್ರಾಫಿಕ್ಸ್ ಬದಲಿಸುವ ಬಟನ್ ಇದೆ. ಮೊದಲನೆಯದಕ್ಕೆ ಹಳೆಯದನ್ನೇ ಇಟ್ಟುಕೊಳ್ಳಿ. ಹೊಸದರಲ್ಲಿ ಬೆಳಕು ಜಾಸ್ತಿಯಾಗಿ ಭಯ ಹುಟ್ಟಿಸಬೇಕಾದ ಜಾಗಗಳೂ ಸಪ್ಪೆಯಾಗಿವೆ. ಎರಡನೆಯದಕ್ಕೆ ಹೊಸದೇ ಸರಿ, ಬ್ಲರ್ ಸ್ಟುಡಿಯೋ ಮಾಡಿದ ಕಟ್‌ಸೀನ್‌ಗಳು ಅದ್ಭುತವಾಗಿವೆ.