ಓದುಗರ ಪ್ರಶ್ನೋತ್ತರ: ಸಾವಿರ ಸೈಕಲ್ಲು, ಒಂದೇ ಕಾಲುದಾರಿ

ಸಾಮೂಹಿಕ ಮೌಂಟನ್ ಬೈಕ್ (ಗುಡ್ಡಗಾಡಿನ ಸೈಕಲ್) ಸ್ಪರ್ಧೆಗಳಲ್ಲಿನ ಜನದಟ್ಟಣೆಯ ಕುರಿತು ಬಂದ ಪತ್ರಗಳಿಗೆ ಈ ಸಲದ ಅಂಕಣವನ್ನು ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನನಗೆ ನಲವತ್ತಾರು ವರ್ಷ. ಎರಡು ವರ್ಷ ವಾರಕ್ಕೆ ನಾಲ್ಕು ದಿನ ನಸುಕಿನಲ್ಲೆದ್ದು ಸೈಕಲ್ ತುಳಿದು, ಭಾನುವಾರಗಳಂದು ನಂದಿಬೆಟ್ಟದ ಏರನ್ನು ಎರಡೆರಡು ಸಲ ಹತ್ತಿ, ಕೂಡಿಟ್ಟ ಹಣವನ್ನೆಲ್ಲ ಖರ್ಚು ಮಾಡಿ ಹೊರದೇಶದ ದೊಡ್ಡ ಮೌಂಟನ್ ಬೈಕ್ ಸ್ಪರ್ಧೆಯೊಂದಕ್ಕೆ ಹೋಗಿದ್ದೆ. ಸುಮಾರು ಸಾವಿರ ಸವಾರರಿದ್ದರು. ನಾನು ಹೆಚ್ಚುಕಡಿಮೆ ಕೊನೆಯಲ್ಲಿದ್ದೆ. ಆರೇಳು ಕಿಲೋಮೀಟರಿಗೆ ಅಗಲವಾದ ರಸ್ತೆ ಮುಗಿದು ಕಾಡಿನ ಕಾಲುದಾರಿ ಶುರುವಾಗುವಲ್ಲಿ ನೂರಾರು ಜನ ಸೈಕಲ್ಲಿನಿಂದಿಳಿದು ಸರತಿಯಲ್ಲಿ ನಿಂತಿದ್ದರು. ನಾನು ಅಲ್ಲಿ ಅರ್ಧ ಗಂಟೆಗೂ ಹೆಚ್ಚು ಕಾಲ ನಿಂತೆ. ಮುಂದೆ ದಾರಿಯ ಮೂರನೆಯ ತಪಾಸಣಾ ಠಾಣೆಗೆ ಗಡುವಿಗಿಂತ ಹನ್ನೊಂದು ನಿಮಿಷ ತಡವಾಗಿ ಬಂದೆನೆಂದು ನನ್ನನ್ನು ಸ್ಪರ್ಧೆಯಿಂದ ಹೊರಗಿಟ್ಟರು. ವೇಗ ಸಾಲದವರು ಹೇಳುವ ನೆಪವಿದು ಎಂದು ಗೆಳೆಯರು ಹೇಳುತ್ತಾರೆ. ತಪ್ಪು ನನ್ನದೇ?
— ಒಬ್ಬ ಓದುಗರು, ಬೆಂಗಳೂರು

ಉತ್ತರ: ಅಲ್ಲ. ಗೆಳೆಯರ ಮಾತನ್ನು ಒಪ್ಪಿಕೊಳ್ಳುವ ಮೊದಲು ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಒಬ್ಬರ ಹಿಂದೆ ಒಬ್ಬರು ಮಾತ್ರ ಸಾಗಬಹುದಾದ ದಾರಿಯೊಳಕ್ಕೆ ಮೂರು ಸೆಕೆಂಡಿಗೆ ಒಬ್ಬರಂತೆ ಸವಾರರು ಹೊಕ್ಕರೆ ನಿಮಿಷಕ್ಕೆ 20 ಜನ, ಸಾವಿರ ಜನಕ್ಕೆ 50 ನಿಮಿಷ. ಅದೇ ಸಾವಿರ ಜನರನ್ನು ಅಗಲವಾದ ರಸ್ತೆಯು 15 ನಿಮಿಷಗಳೊಳಗೆ ಅಲ್ಲಿಗೆ ತಂದು ಸುರಿದರೆ, ಕೊನೆಯಲ್ಲಿ ಬಂದವರು 35 ನಿಮಿಷ ನಿಲ್ಲಲೇಬೇಕು. ಅವರ ಕಾಲುಗಳಲ್ಲಿ ಎಷ್ಟೇ ಕಸುವಿದ್ದರೂ ಆ 35 ನಿಮಿಷಗಳಲ್ಲಿ ಒಂದನ್ನೂ ಅವರು ಕಡಿಮೆ ಮಾಡಿಕೊಳ್ಳಲಾರರು. ಇದು ಎಲ್ಲವೂ ಸರಾಗವಾಗಿ ನಡೆದಾಗಿನ ಮಾತು. ಒದ್ದೆಯಾದ ಮರದ ಬೇರೊಂದರ ಮೇಲೆ ಒಬ್ಬರು ಜಾರಿ ಕಾಲು ಕೆಳಗಿಟ್ಟರೆ ಹಿಂದಿನವರೂ ಇಳಿಯಬೇಕಾಗುತ್ತದೆ, ಏರಿನಲ್ಲಿ ಒಮ್ಮೆ ಇಳಿದವರು ಮತ್ತೆ ಹತ್ತಲಾರದೆ ಸೈಕಲ್ಲನ್ನು ತಳ್ಳತೊಡಗುತ್ತಾರೆ, ತಳ್ಳುವವರ ನಡುವಿನ ಅಂತರ ಐದು ಸೆಕೆಂಡಿಗೆ ಏರುತ್ತದೆ. ಆಗ ನಿಮಿಷಕ್ಕೆ ಒಳಹೋಗುವವರು 12 ಜನ ಮಾತ್ರ.

ಈ ಕಾಯುವಿಕೆ ಎಲ್ಲರ ಪಾಲಿಗೂ ಸಮನಾಗಿ ಬರುವುದಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುವ ಸಂಗತಿ. ಮೊದಲ ನೂರು ಜನರು ನಿಲ್ಲುವುದೇ ಇಲ್ಲ. ಗೆದ್ದವರ ಮಾತು, ಛಾಯಾಚಿತ್ರ, ವರದಿ ಎಲ್ಲವೂ ಆ ನೂರು ಜನರಿಂದಲೇ ಬರುವುದರಿಂದ ಸಂಘಟಕರ ಕಣ್ಣಿಗೆ ಸ್ಪರ್ಧೆ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಅಷ್ಟೇ ಶುಲ್ಕ ಕೊಟ್ಟು ಬಂದ ಹಿಂದಿನವರು ಮಾತ್ರ ತಮ್ಮ ಸಮಯ ಸೋರಿಹೋಗುವುದನ್ನು ನಿಂತಲ್ಲೇ ನಿಂತು ನೋಡುತ್ತಿರುತ್ತಾರೆ. ಸ್ಪರ್ಧೆಯ ವ್ಯವಸ್ಥೆ ಸರಿಯಿದೆಯೇ ಎಂದು ತಿಳಿಯಬೇಕಾದವರು ಕೊನೆಯ ಇನ್ನೂರು ಜನರ ನಡುವೆ ನಿಂತು ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗೆಂದು ಸಂಖ್ಯೆಯನ್ನೇ ದೂರುವುದು ಸರಿಯಲ್ಲ. ಮದುವೆಯ ಊಟದ ಮನೆಯಲ್ಲಿ ಇನ್ನೂರು ಎಲೆ ಹಾಕುವಷ್ಟೇ ಜಾಗವಿದ್ದರೆ ಸಾವಿರ ನೆಂಟರನ್ನು ಕರೆದ ಯಜಮಾನರು ಐದು ಪಂಕ್ತಿ ಮಾಡುತ್ತಾರೆಯೇ ಹೊರತು ಎಲ್ಲರನ್ನೂ ಒಮ್ಮೆಲೇ ಬಾಗಿಲಿಗೆ ಕರೆಯುವುದಿಲ್ಲ. ನಾರ್ವೆಯ ಬಿರ್ಕೆಬೈನರ್ ಸೈಕಲ್ ಸ್ಪರ್ಧೆ ಇದಕ್ಕೆ ಒಳ್ಳೆಯ ಉದಾಹರಣೆ. 1206ರಲ್ಲಿ ಅಂತರ್ಯುದ್ಧದ ಹೊತ್ತಿನಲ್ಲಿ ಹಸುಳೆಯಾಗಿದ್ದ ರಾಜಕುಮಾರ ಹೋಕನ್‌ನನ್ನು ನಿಷ್ಠಾವಂತ ಯೋಧರು ಹಿಮದ ಬೆಟ್ಟಗಳನ್ನು ದಾಟಿಸಿ ಕಾಪಾಡಿದ ನೆನಪಿಗಾಗಿ, ರೇನಾದಿಂದ ಲಿಲ್ಲೆಹಾಮರ್‌ವರೆಗಿನ ಈ ಸ್ಪರ್ಧೆಯಲ್ಲಿ ಪ್ರತಿಯೊಬ್ಬರೂ 3.5 ಕಿಲೋ ತೂಕದ ಚೀಲವನ್ನು ಬೆನ್ನಿಗೆ ಹೊತ್ತು ಸಾಗುವ ಸಂಪ್ರದಾಯ ಬೆಳೆದುಬಂತು. 1993ರಲ್ಲಿ ಆರಂಭವಾದ ಈ ಸ್ಪರ್ಧೆಗೆ ಉತ್ತುಂಗದ ವರ್ಷಗಳಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಜನ ಹೆಸರು ನೋಂದಾಯಿಸುತ್ತಿದ್ದರು. ಅವರನ್ನು ಒಟ್ಟಿಗೆ ಬಿಡದೆ, ಹಿಂದಿನ ಸಾಧನೆಯನ್ನು ನೋಡಿ ಗುಂಪುಗಳಾಗಿ ವಿಂಗಡಿಸಿ, ನಿಮಿಷಗಳ ಅಂತರದಲ್ಲಿ ಹೊರಡಿಸುವ ಪದ್ಧತಿ ಅಲ್ಲಿದೆ. ದಾರಿಯ ಬಹುಪಾಲು ಅಗಲವಾದ ಜಲ್ಲಿರಸ್ತೆಯಾಗಿರುವುದೂ ಅನುಕೂಲ.

ನೂಕುನುಗ್ಗಲನ್ನೇ ತಿರುಳಾಗಿಸಿಕೊಂಡ ಸ್ಪರ್ಧೆಗಳೂ ಇವೆ ಎಂಬುದನ್ನು ಹೇಳಬೇಕು. ಫ್ರಾನ್ಸಿನ ಆಲ್ಪ್ ದುಯೆಜ್‌ನಲ್ಲಿ 1995ರಿಂದ ನಡೆಯುತ್ತಿರುವ ಮೆಗಾವಲಾಂಶ್ ಸುಮಾರು 3,300 ಮೀಟರ್ ಎತ್ತರದ ಹಿಮನದಿಯ ನೆತ್ತಿಯಿಂದ ಆರಂಭವಾಗುತ್ತದೆ. ಸವಾರರೆಲ್ಲ ಹ್ಯಾಂಡಲ್‌ಗೆ ಹ್ಯಾಂಡಲ್ ತಾಗಿಸಿಕೊಂಡು ಒಟ್ಟಿಗೆ ಇಳಿಯುತ್ತಾರೆ, ಹಿಮದಲ್ಲಿ ಒಬ್ಬರ ಮೇಲೊಬ್ಬರು ಜಾರಿಬೀಳುತ್ತಾರೆ. ಆದರೆ ಅಲ್ಲಿಗೆ ಹೋಗುವವರು ಅದನ್ನು ಅರಿತೇ ಹೋಗುತ್ತಾರೆ, ಯಾರು ಯಾವ ಸಾಲಿನಲ್ಲಿ ನಿಲ್ಲಬೇಕೆಂಬುದು ಅರ್ಹತಾ ಸುತ್ತುಗಳಲ್ಲಿ ತೀರ್ಮಾನವಾಗಿರುತ್ತದೆ. ನಿಮಗಾದ ಅನ್ಯಾಯ ಬೇರೆ ಬಗೆಯದು. ದೀರ್ಘದೂರದ ಸಹನೆಯ ಪರೀಕ್ಷೆಯೆಂದು ನಂಬಿಸಿ, ಅದರ ಗಡುವಿನಲ್ಲಿ ಅರ್ಧ ಗಂಟೆಗೂ ಹೆಚ್ಚನ್ನು ಸರತಿಗೆ ಕೊಟ್ಟುಬಿಟ್ಟರು.

ನಿಮ್ಮ ಸೈಕಲ್ ಕಂಪ್ಯೂಟರಿನಲ್ಲೋ ಗಡಿಯಾರದಲ್ಲೋ ಜಿಪಿಎಸ್ ದಾಖಲೆ ಉಳಿದಿರಬಹುದು. ಕಾಲುದಾರಿಯ ಬಾಯಿಗೆ ಎಷ್ಟು ಹೊತ್ತಿಗೆ ತಲುಪಿದಿರಿ, ಎಷ್ಟು ಹೊತ್ತಿಗೆ ಒಳಹೊಕ್ಕಿರಿ ಎಂಬ ಎರಡೇ ಸಂಗತಿಗಳನ್ನು ಅದರಿಂದ ತೆಗೆದು ಸಂಘಟಕರಿಗೆ ಬರೆಯಿರಿ. ಠಾಣೆಗಳ ಗಡುವನ್ನು ಮೊದಲ ಗುಂಪು ಹೊರಟ ಗಳಿಗೆಯಿಂದ ಎಣಿಸಿದರೋ, ನಿಮ್ಮ ಸೈಕಲ್ಲಿನ ಸಮಯ ಅಳೆಯುವ ಚಿಪ್ ಆರಂಭದ ಗೆರೆ ದಾಟಿದ ಗಳಿಗೆಯಿಂದ ಎಣಿಸಿದರೋ ಎಂದೂ ಕೇಳಿ. ಕೊನೆಯಲ್ಲಿ ಹೊರಟವರಿಗೂ ಮೊದಲಿನವರ ಗಡಿಯಾರವನ್ನೇ ಹಿಡಿದಿದ್ದರೆ, ನಿಮ್ಮ ಹನ್ನೊಂದು ನಿಮಿಷಗಳಲ್ಲಿ ಕೆಲವು ಆರಂಭದ ಗೆರೆಯಲ್ಲೇ ಹೋಗಿರಲಿಕ್ಕೆ ಸಾಕು.

ಪ್ರಶ್ನೆ: ನಾನು ಹನ್ನೆರಡು ವರ್ಷಗಳಿಂದ ಅಮೆರಿಕದ ಡೆನ್ವರ್‌ನಲ್ಲಿ ನೆಲೆಸಿದ್ದೇನೆ, ಹುಟ್ಟೂರು ಹಾಸನ. ಇಲ್ಲಿನ ಬೆಟ್ಟದೂರು ಲೆಡ್‌ವಿಲ್‌ನ ನೂರು ಮೈಲಿ ಮೌಂಟನ್ ಬೈಕ್ ಸ್ಪರ್ಧೆಗೆ ಲಾಟರಿಯಲ್ಲಿ ನನ್ನ ಹೆಸರು ಬಂದಿದೆ. ದೂರಕ್ಕಿಂತ ಜನಸಂದಣಿಯದೇ ಭಯ ಹೆಚ್ಚಾಗಿದೆ. ಎಲ್ಲೆಲ್ಲಿ ಇಕ್ಕಟ್ಟಾಗುತ್ತದೆ? ಹೇಗೆ ಸಿದ್ಧಳಾಗಲಿ?
— ಒಬ್ಬ ಓದುಗರು, ಡೆನ್ವರ್

ಉತ್ತರ: ನಿಮ್ಮ ಭಯ ನಿರಾಧಾರವಲ್ಲ, ಆದರೆ ಸಿದ್ಧತೆಯಿಂದ ಅದನ್ನು ಬಹುಮಟ್ಟಿಗೆ ತಗ್ಗಿಸಿಕೊಳ್ಳಬಹುದು. 1982ರಲ್ಲಿ ಲೆಡ್‌ವಿಲ್ ಬಳಿಯ ಕ್ಲೈಮ್ಯಾಕ್ಸ್ ಮಾಲಿಬ್ಡಿನಮ್ ಲೋಹದ ಗಣಿ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಾಗ, ಗಣಿ ಕೆಲಸಗಾರರಾಗಿದ್ದ ಕೆನ್ ಕ್ಲೌಬರ್ ಅವರು ಹೊರಗಿನ ಜನರನ್ನು ಲೆಡ್‌ವಿಲ್‌ಗೆ ಬರಮಾಡಿಕೊಳ್ಳಲೆಂದು 1983ರಲ್ಲಿ ನೂರು ಮೈಲಿಯ ಓಟವನ್ನು ಆರಂಭಿಸಿದರು. ಸೈಕಲ್ ಸ್ಪರ್ಧೆ ಸೇರಿಕೊಂಡದ್ದು 1994ರಲ್ಲಿ. ಜನ ಬರಲೆಂದೇ ಹುಟ್ಟಿದ ಸ್ಪರ್ಧೆಗೆ ಜನ ಬಂದರು. 2008ರಲ್ಲಿ ಮೌಂಟನ್ ಬೈಕ್ ಸವಾರ ಡೇವ್ ವೀನ್ಸ್ ಅವರು ಹೆಸರಾಂತ ರಸ್ತೆ ಸೈಕಲ್ ಸವಾರ ಲಾನ್ಸ್ ಆರ್ಮ್‌ಸ್ಟ್ರಾಂಗ್ ಅವರನ್ನು ಹಿಂದಿಕ್ಕಿದ್ದು, ಮರುವರ್ಷ ಆರ್ಮ್‌ಸ್ಟ್ರಾಂಗ್ ಗೆದ್ದದ್ದು ದೊಡ್ಡ ಸುದ್ದಿಯಾದ ಮೇಲೆ ಅಲ್ಲಿಗೆ ಹೋಗಬಯಸುವವರ ಸಂಖ್ಯೆ ಇನ್ನಷ್ಟು ಬೆಳೆಯಿತು.

ಆಗಸ್ಟ್ ತಿಂಗಳಾದರೂ ಬೆಳಗಿನ ಚಳಿ ಕಟುವಾಗಿರುವ ಆ ಊರಿನ ನಡುಬೀದಿಯಿಂದ ಹೊರಡುವ ಸವಾರರು ಮೊದಲು ಡಾಂಬರು ರಸ್ತೆಯಲ್ಲಿ ಇಳಿಜಾರಿಗೆ ಧಾವಿಸುತ್ತಾರೆ. ಕಿಕ್ಕಿರಿದ ಗುಂಪು ಹೆಚ್ಚು ವೇಗದಲ್ಲಿರುವುದರಿಂದ ಮುಂದಿನ ಚಕ್ರಕ್ಕೆ ತೀರ ಅಂಟಿಕೊಳ್ಳದೆ, ಬ್ರೇಕನ್ನು ಥಟ್ಟನೆ ಹಿಡಿಯದೆ, ನೇರ ಗೆರೆಯಲ್ಲಿ ಸಾಗುವುದು ಇಲ್ಲಿ ಅತಿ ಮುಖ್ಯ. ಬಳಿಕ ಬರುವ ಸೇಂಟ್ ಕೆವಿನ್ಸ್ ಏರಿನಲ್ಲಿ ಗುಂಪು ಒಮ್ಮೆಗೇ ಒತ್ತೊತ್ತಾಗುತ್ತದೆ. ಮುಂದಿನವರು ತಡವರಿಸಿದರೆ ನಿಮ್ಮ ಪೆಡಲ್ ನಿಲ್ಲುತ್ತದೆ, ಭಾರದ ಗೇರಿನಲ್ಲಿ ನಿಂತರೆ ಮತ್ತೆ ಹೊರಡುವುದು ಕಷ್ಟ. ಆದ್ದರಿಂದ ಏರು ಕಾಣುವ ಮೊದಲೇ ಹಗುರವಾದ ಗೇರಿಗೆ ಬನ್ನಿ. ಏರಿನಲ್ಲಿ ನಿಂತ ಸೈಕಲ್ಲನ್ನು ಹತ್ತಿ ಹೊರಡುವ ಅಭ್ಯಾಸವನ್ನು ಮನೆಯ ಹತ್ತಿರದ ಯಾವುದಾದರೂ ಕಡಿದಾದ ಮಣ್ಣುದಾರಿಯಲ್ಲಿ ಬೇಸರವಾಗುವಷ್ಟು ಸಲ ಮಾಡಿ.

ನಿಜವಾದ ಇಕ್ಕಟ್ಟು ಕೊಲಂಬೈನ್ ಗಣಿಯ ಏರಿನ ಮೇಲ್ಭಾಗದಲ್ಲಿದೆ. ಹೋದ ದಾರಿಯಲ್ಲೇ ಹಿಂದಿರುಗುವ ಸ್ಪರ್ಧೆಯಿದು. ಸುಮಾರು 3,800 ಮೀಟರ್ ಎತ್ತರದಲ್ಲಿ ಹಿಂದಿರುಗುವ ತಿರುವನ್ನು ಮುಟ್ಟಿ ವೇಗವಾಗಿ ಇಳಿಯುವವರೂ ಕಲ್ಲುದಾರಿಯಲ್ಲಿ ಸೈಕಲ್ ತಳ್ಳುತ್ತ ಏರುವವರೂ ಅಲ್ಲಿ ಎದುರುಬದುರಾಗುತ್ತಾರೆ. ಏರುವವರ ಸಾಲು ತನ್ನ ಬಲಬದಿಯಲ್ಲಿ ಇರುವೆಗಳ ಸಾಲಿನಂತೆ ನಿಧಾನವಾಗಿ ಸಾಗುತ್ತದೆ. ಸಾಲು ಬಿಟ್ಟು ನಡುವಿಗೆ ಬಂದವರು ಇಳಿಯುವವರ ಹಾದಿಗೆ ಅಡ್ಡಬಂದಂತೆಯೇ. ನಿಮಗೆ ತುಳಿಯುವ ಶಕ್ತಿಯಿದ್ದರೂ ಮುಂದಿನವರು ನಡೆಯುತ್ತಿದ್ದರೆ ಇಳಿದು ನಡೆಯಬೇಕಾಗುತ್ತದೆ. ಅದಕ್ಕೆ ಮನಸ್ಸನ್ನು ಮೊದಲೇ ಒಗ್ಗಿಸಿಕೊಳ್ಳಿ, ಕಲ್ಲಿನ ಮೇಲೆ ಜಾರದ ತಳವಿರುವ ಶೂ ಹಾಕಿಕೊಳ್ಳಿ, ಒಂದೊಂದು ಗಂಟೆ ಸೈಕಲ್ ತಳ್ಳಿ ನಡೆಯುವುದನ್ನೂ ಅಭ್ಯಾಸದ ಭಾಗವಾಗಿಸಿಕೊಳ್ಳಿ. ತಳ್ಳುವಾಗ ನೋಯುವುದು ಬೆನ್ನು ಮತ್ತು ಮೀನಖಂಡ; ತುಳಿಯುವ ಅಭ್ಯಾಸ ಅವನ್ನು ಅಷ್ಟಾಗಿ ಗಟ್ಟಿಗೊಳಿಸುವುದಿಲ್ಲ.

ಸರತಿಯಲ್ಲಿ ಕಳೆದ ಹೊತ್ತನ್ನು ದಾರಿ ಬಿಡುವಾದೊಡನೆ ಮೈಮುರಿದು ತುಳಿದು ತುಂಬಿಕೊಳ್ಳುತ್ತೇನೆಂದು ಹೊರಡುವುದು ಬಹಳ ಜನ ಮಾಡುವ ತಪ್ಪು. ಲೆಡ್‌ವಿಲ್‌ನ ಬೀದಿಯೇ ಸುಮಾರು 3,100 ಮೀಟರ್ ಎತ್ತರದಲ್ಲಿದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಸಾವಿರ ಮೀಟರಿಗೂ ಹೆಚ್ಚು ಮೇಲೆ. ಕೊಲಂಬೈನ್ ತಿರುವಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆಯ ಎರಡರಷ್ಟೂ ಇರುವುದಿಲ್ಲ. ಆ ಗಾಳಿಯಲ್ಲಿ ಒಮ್ಮೆ ಏದುಸಿರು ಬಂದರೆ ಸುಧಾರಿಸಿಕೊಳ್ಳಲು ಬೇಕಾಗುವ ಹೊತ್ತು ನೀವು ಉಳಿಸಿದ್ದಕ್ಕಿಂತ ಹೆಚ್ಚಾಗುತ್ತದೆ. ಇಡೀ ಸ್ಪರ್ಧೆಗೆ 12 ಗಂಟೆಗಳ ಗಡುವಿದೆ. ನೀವು ಹನ್ನೊಂದೂವರೆ ಗಂಟೆಗೆ ಯೋಜನೆ ಹಾಕಿಕೊಂಡರೆ ಒಂದೇ ಒಂದು ಸರತಿ ಅದನ್ನು ಕೆಡಿಸಬಹುದು; ಹಾಗಾಗಿ ಹನ್ನೊಂದು ಗಂಟೆಯೊಳಗೆ ಮುಗಿಸುವ ಬಲವನ್ನು ಗಳಿಸಿಕೊಂಡು ಹೋಗಿ. ಆರಂಭದಲ್ಲಿ ಸವಾರರನ್ನು ಅರ್ಹತೆಗೆ ತಕ್ಕ ಆವರಣಗಳಲ್ಲಿ ನಿಲ್ಲಿಸುವುದರಿಂದ, ಮುಂಚಿನ ಅರ್ಹತಾ ಸ್ಪರ್ಧೆಯೊಂದರಲ್ಲಿ ಒಳ್ಳೆಯ ಸಮಯ ಗಳಿಸಿದರೆ ಇನ್ನೂ ಮುಂದಿನ ಆವರಣ ಸಿಗುವ ಅವಕಾಶವಿದೆ. ಡೆನ್ವರ್‌ನಲ್ಲಿರುವ ನಿಮಗೆ ಅಲ್ಲಿಗೆ ಹೋಗಿಬರುವುದೂ ಕಷ್ಟವಲ್ಲ.

ಪ್ರಶ್ನೆ: ನಾವು ಕೆಲವು ಗೆಳೆಯರು ಸೇರಿ ಚಿಕ್ಕಮಗಳೂರಿನ ಕಡೆ 300 ಜನರ ಮೌಂಟನ್ ಬೈಕ್ ಸ್ಪರ್ಧೆ ನಡೆಸಬೇಕೆಂದಿದ್ದೇವೆ. ಎಸ್ಟೇಟ್ ರಸ್ತೆ ಮುಗಿದ ಮೇಲೆ ಎರಡು ಕಿಲೋಮೀಟರ್ ಕಿರಿದಾದ ದಾರಿ ಇದೆ. ಇಷ್ಟು ಜನರಿಗೂ ಗುಂಪು ಮಾಡಿ ಬಿಡಬೇಕೆ?
— ಒಬ್ಬ ಓದುಗರು, ಚಿಕ್ಕಮಗಳೂರು

ಉತ್ತರ: ಮಾಡಲೇಬೇಕು. ಸ್ಪರ್ಧೆಗೆ ಕೆಲವು ವಾರಗಳ ಮೊದಲು ನಿಮ್ಮ ಪರಿಚಯದ ಇಪ್ಪತ್ತು ಜನ ಸಾಧಾರಣ ಸವಾರರನ್ನು, ವೇಗದವರನ್ನಲ್ಲ, ಒಟ್ಟಿಗೆ ಆ ಕಿರಿದಾದ ದಾರಿಗೆ ಬಿಟ್ಟು, ಮೊದಲನೆಯವರು ಹೊಕ್ಕಾಗಿನಿಂದ ಕೊನೆಯವರು ಹೊಕ್ಕುವವರೆಗಿನ ಹೊತ್ತನ್ನು ಅಳೆಯಿರಿ. ಇಪ್ಪತ್ತು ಜನಕ್ಕೆ ಎರಡು ನಿಮಿಷ ಹಿಡಿದರೆ ಆ ದಾರಿಗೆ ನಿಮಿಷಕ್ಕೆ ಹತ್ತು ಜನರ ಶಕ್ತಿಯಿದೆ ಎಂದರ್ಥ. ಆಗ 30 ಜನರ ಹತ್ತು ಗುಂಪುಗಳನ್ನು ಐದೈದು ನಿಮಿಷಗಳ ಅಂತರದಲ್ಲಿ ಹೊರಡಿಸಿದರೆ ನಿಮಿಷಕ್ಕೆ ಸರಾಸರಿ ಆರು ಜನ ಬರುತ್ತಾರೆ, ಒಬ್ಬಿಬ್ಬರು ಬಿದ್ದರೂ ಸಾಲು ಬೆಳೆಯುವುದಿಲ್ಲ. ಕೊನೆಯ ಗುಂಪು ಹೊರಡುವುದು ಮುಕ್ಕಾಲು ಗಂಟೆ ತಡವಾಗಿ. ಅವರ ಗಡುವನ್ನೂ ಅಷ್ಟೇ ಮುಂದಕ್ಕೆ ಹಾಕಿ, ಅದನ್ನು ಮೊದಲೇ ಎಲ್ಲರಿಗೂ ಬರೆದು ತಿಳಿಸಿ. ಕಿರುದಾರಿಗೆ ಮುಂಚೆ ಎಸ್ಟೇಟ್ ರಸ್ತೆಯಲ್ಲಿ ಒಂದು ಉದ್ದನೆಯ ಏರನ್ನು ಸೇರಿಸಲು ಸಾಧ್ಯವಾದರೆ ಗುಂಪು ತಾನಾಗಿಯೇ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಅಂತರರಾಷ್ಟ್ರೀಯ ಕ್ರಾಸ್‌ಕಂಟ್ರಿ ಸ್ಪರ್ಧೆಗಳಲ್ಲಿ ಶ್ರೇಯಾಂಕದ ಕ್ರಮದಲ್ಲಿ ಸವಾರರನ್ನು ಸಾಲಾಗಿ ನಿಲ್ಲಿಸಿ, ಮೊದಲಿಗೆ ಅಗಲವಾದ ಜಾಗದಲ್ಲಿ ಒಂದು ಆರಂಭಿಕ ಸುತ್ತು ಹಾಕಿಸುವುದು ಇದೇ ಕಾರಣಕ್ಕೆ.

ಕಾಫಿ ಕೊಯ್ಲಿನ ತಿಂಗಳುಗಳನ್ನು ದಯವಿಟ್ಟು ಬಿಡಿ. ಬುಟ್ಟಿ, ಚೀಲ ಹೊತ್ತ ಕೆಲಸಗಾರರು ನಡೆದಾಡುವ ದಾರಿಯದು, ನಿಮ್ಮ ಮುನ್ನೂರು ಸೈಕಲ್ಲುಗಳು ಅವರ ದಿನದ ದುಡಿಮೆಗೆ ಅಡ್ಡಿಯಾಗಬಾರದು. ದಾರಿಯ ಯಾವುದೇ ಭಾಗ ಅರಣ್ಯಕ್ಕೆ ಸೇರಿದ್ದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಕೈಗೆ ಬರುವವರೆಗೆ ಒಂದು ಹೆಸರನ್ನೂ ನೋಂದಾಯಿಸಿಕೊಳ್ಳಬೇಡಿ. ಆ ಎರಡು ಕಿಲೋಮೀಟರಿನ ನಡುವೆ ಗಾಯಗೊಂಡವರನ್ನು ಸಾಲಿಗೆ ಎದುರಾಗಿ ಹೊತ್ತು ತರದೆ ಬೇರೆ ಬದಿಯಿಂದ ಹೊರತರುವ ದಾರಿಯೊಂದನ್ನು ಮೊದಲೇ ಹುಡುಕಿ, ಅಲ್ಲೊಬ್ಬ ಸ್ವಯಂಸೇವಕರನ್ನು ನಿಲ್ಲಿಸಿ.

ಪ್ರಶ್ನೆ: ಕಿರಿದಾದ ದಾರಿಯಲ್ಲಿ ಹಿಂದಿನಿಂದ ವೇಗದ ಸವಾರರು “ದಾರಿ ಬಿಡಿ” ಎಂದು ಕೂಗುತ್ತಲೇ ಇರುತ್ತಾರೆ. ಹೆದರಿ ಒಮ್ಮೆ ಪೊದೆಗೆ ಬಿದ್ದಿದ್ದೇನೆ. ತಕ್ಷಣ ದಾರಿ ಬಿಡಬೇಕೆ?
— ಒಬ್ಬ ಓದುಗರು, ಮೈಸೂರು

ಉತ್ತರ: ಬೀಳುವಂತೆ ಪಕ್ಕಕ್ಕೆ ಸರಿಯಬೇಕಾಗಿಲ್ಲ. ಸುರಕ್ಷಿತವಾಗಿ ಹಿಂದಿಕ್ಕುವ ಹೊಣೆ ಹಿಂದಿನಿಂದ ಬರುವವರದು. ನಿಮ್ಮ ಗೆರೆಯನ್ನು ಥಟ್ಟನೆ ಬದಲಿಸದೆ, “ಮುಂದೆ ಅಗಲ ಸಿಕ್ಕಲ್ಲಿ ಬಿಡುತ್ತೇನೆ, ಎಡಕ್ಕೆ ಸರಿಯುತ್ತೇನೆ” ಎಂದು ಗಟ್ಟಿಯಾಗಿ ಹೇಳಿ, ಜಾಗ ಸಿಕ್ಕ ಕೂಡಲೇ ಹೇಳಿದ ಬದಿಗೇ ಸರಿಯಿರಿ. ಎಷ್ಟು ಜನ ಹಿಂದಿದ್ದೀರಿ ಎಂದು ಕೇಳುವುದು ಒಳ್ಳೆಯದು. ಒಬ್ಬರು ದಾಟಿದರೆಂದು ನೀವು ಮರಳಿ ದಾರಿಗೆ ಬರುವಾಗಲೇ ಎರಡನೆಯವರು ಬಂದು ತಾಗುವುದು ಇಂಥ ಕಡೆ ಹೆಚ್ಚು. ನಿಮ್ಮ ಮುಂದೆಯೂ ಸಾಲು ನಿಂತಿದ್ದರೆ ಅದನ್ನೂ ಕೂಗಿ ತಿಳಿಸಿ. ತಿರುವಿನಾಚೆ ಏನಿದೆಯೆಂಬುದು ಹಿಂದಿನವರಿಗೆ ಕಾಣಿಸುತ್ತಿರುವುದಿಲ್ಲ.