ರಾತ್ರಿಯಿಡೀ ವಾದ, ಅರ್ಧಕ್ಕೆ ನಿಂತ ಆಟ

(ಸಲಹಾರ್ಥಿಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

ಭೇಟಿಗೆ ಸಮಯ ಕೇಳಿದ್ದು ಅವರ ಪತ್ನಿ. "ಇವರಿಗೆ ಗೇಮ್ ಚಟ ಹತ್ತಿದೆ, ಹೇಗಾದರೂ ಬಿಡಿಸಿ" ಎಂದಿದ್ದರು. ಬಂದವರು ನಲವತ್ತರ ಆಸುಪಾಸಿನವರು, ಹಗಲು ಲೆಕ್ಕಪತ್ರದ ಕೆಲಸ. ಪ್ರೋಗ್ರಾಮಿಂಗನ್ನು ಯಾವ ಕಾಲೇಜಿನಲ್ಲೂ ಓದಿದವರಲ್ಲ. ಪುಸ್ತಕ ಹಿಡಿದು, ಬೇರೆಯವರ ಕೋಡ್ ಬಿಚ್ಚಿ ನೋಡಿ, ತಾವೇ ಕೈ ಪಳಗಿಸಿಕೊಂಡವರು. ಸಣ್ಣಪುಟ್ಟ ಆಟಗಳನ್ನು ಬರೆದು ಉಚಿತವಾಗಿ ಹಂಚುತ್ತಾರೆ. ಆಡಿದವರು ನಾಲ್ಕು ಒಳ್ಳೆಯ ಮಾತು ಬರೆದರೆ ಅದೇ ಸಂಭಾವನೆ.

ಚಟದ ಮಾತನ್ನು ಮೊದಲ ಭೇಟಿಯಲ್ಲೇ ಇತ್ಯರ್ಥ ಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಆಟದ ಗೀಳನ್ನು ಅದು ಒಂದು ಕಾಯಿಲೆಯಾಗಿ ಗುರುತಿಸುತ್ತದೆ, ಆದರೆ ಸುಲಭವಾಗಿ ಯಾರ ಮೇಲೂ ಹೊರಿಸಲು ಬಿಡುವುದಿಲ್ಲ. ಆಡುವುದರ ಮೇಲೆ ಹಿಡಿತ ತಪ್ಪಿರಬೇಕು, ಬದುಕಿನ ಉಳಿದೆಲ್ಲಕ್ಕಿಂತ ಆಟವೇ ಮುಂದಾಗಿರಬೇಕು, ಕೆಡುಕಾಗುತ್ತಿದೆಯೆಂದು ಕಂಡರೂ ನಿಲ್ಲಿಸಲಾಗದಿರಬೇಕು. ಸಾಮಾನ್ಯವಾಗಿ 12 ತಿಂಗಳಾದರೂ ಹೀಗೇ ನಡೆದಿರಬೇಕು. ಇವರೋ ಆಟ ಆಡುವುದೇ ಅಪರೂಪ. ಬರೆಯುವುದನ್ನೂ ನಿಲ್ಲಿಸಿ ತಿಂಗಳುಗಳಾಗಿದ್ದವು. ರಾತ್ರಿಗಳನ್ನು ನುಂಗುತ್ತಿದ್ದದ್ದು ವಾದ. ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆಟ ಬರೆಯಬೇಕು, ಆಟದಲ್ಲಿ ರಾಜಕೀಯ ಇರಬೇಕೋ ಬೇಡವೋ, ಹಿಂಸೆಯ ಆಟಗಳು ಮಕ್ಕಳನ್ನು ಕೆಡಿಸುತ್ತವೆಯೋ ಇಲ್ಲವೋ. ಮುಖ ಕಾಣದ ಜನರೊಂದಿಗೆ ಒಂದು ವಾದ ಮುಗಿಯುವಷ್ಟರಲ್ಲಿ ಇನ್ನೊಂದು ಹೊತ್ತಿಕೊಳ್ಳುತ್ತಿತ್ತು.

ದೀಪ ಆರಿಸಿ ಮಲಗಿದ ಮೇಲೂ ತಲೆಯೊಳಗೆ ಉತ್ತರದ ತಿದ್ದುಪಡಿ ನಡೆದೇ ಇರುತ್ತಿತ್ತಂತೆ. ಒಂದು ಒಳ್ಳೆಯ ಪೆಟ್ಟು ಹೊಳೆದರೆ ಎದ್ದು ಕೂತು ಬರೆದು, ಆ ಕಡೆಯಿಂದ ಏನು ಬಂತೆಂದು ಮತ್ತೆ ಮತ್ತೆ ನೋಡುವುದು. ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಯಾವಾಗ ಬರುತ್ತದೋ ಗೊತ್ತಿಲ್ಲದ ಫಲಕ್ಕಾಗಿ ಕಾಯುವ ಅಭ್ಯಾಸ ಖಚಿತವಾದ ಫಲಕ್ಕೆ ಕಾಯುವುದಕ್ಕಿಂತ ಗಟ್ಟಿಯಾಗಿ ಬೇರೂರುತ್ತದೆ. ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪ್ರಯೋಗಾಲಯದಲ್ಲಿ ಪಾರಿವಾಳಗಳ ಮೇಲೆ ತೋರಿಸಿದ್ದು ಇದನ್ನೇ. ಖಿನ್ನತೆಯ ಲಕ್ಷಣಗಳನ್ನೂ ಬದುಕು ಸಾಕೆನಿಸುವ ಯೋಚನೆಗಳನ್ನೂ ವಿಚಾರಿಸಿದೆ. ಅಂಥದ್ದೇನೂ ಇರಲಿಲ್ಲ. ನಿದ್ದೆಗೇಡು ಇತ್ತು, ಸಿಡುಕು ಇತ್ತು, ಮನೆಯಲ್ಲಿ ಮಾತು ಕಡಿಮೆಯಾಗಿತ್ತು.

"ಒಂದು ವಾದವನ್ನು ಮೊದಲಿನಿಂದ ಕೊನೆಯವರೆಗೆ ಮುದ್ರಿಸಿ ತನ್ನಿ" ಎಂದೆ. ದಪ್ಪನೆಯ ಕಟ್ಟು ಬಂತು. ಮೂಲ ಪ್ರಶ್ನೆ ಸರಳವಾಗಿತ್ತು: ಬಳಸಿ ಬಿಟ್ಟ ಮೆಮೊರಿಯನ್ನು ತಾನಾಗಿಯೇ ತೆರವು ಮಾಡುವ ಭಾಷೆಗಳು ಆಟಕ್ಕೆ ಒಗ್ಗುತ್ತವೆಯೇ? ಅವರು ನನಗೆ ತಾಳ್ಮೆಯಿಂದ ತಿಳಿಸಿಕೊಟ್ಟರು. ಪರದೆಯ ಮೇಲೆ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡಬೇಕಾದರೆ ಒಂದೊಂದು ಫ್ರೇಮಿಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡು. ಅದರ ನಡುವೆ ತೆರವಿನ ಕೆಲಸ ನುಗ್ಗಿದರೆ ಆಟ ಮುಗ್ಗರಿಸುತ್ತದೆ. ಎದುರಾಳಿಯ ವಾದ ಇದೇ. ಇವರ ಉತ್ತರ: ಮೈನ್‌ಕ್ರಾಫ್ಟ್ ಆಟ ಮೊದಲು ಹುಟ್ಟಿದ್ದೇ ಜಾವಾದಲ್ಲಿ, ಜಾವಾ ಅಂಥದೇ ಭಾಷೆ, ಜಗತ್ತು ಅದನ್ನು ಆಡಲಿಲ್ಲವೇ? ಹೊರಗಿನವಳಾದ ನನಗೆ ಎರಡೂ ಸರಿಯೆನಿಸಿತು. ಅಷ್ಟರಲ್ಲಿ ಮುಗಿಯಬಹುದಾದ ಮಾತು ಅಷ್ಟು ಪುಟ ಯಾಕೆ ಬೆಳೆಯಿತು?

ಪೆನ್ಸಿಲ್ ಹಿಡಿದು ಇಬ್ಬರೂ ಸಾಲು ಸಾಲಾಗಿ ಗುರುತು ಹಾಕುತ್ತಾ ಹೋದೆವು. ಓಡಿಸಿ, ಅಳೆದು ತೀರ್ಮಾನಿಸಬಹುದಾದ ಮಾತಿಗೆ ಒಂದು ಗುರುತು. ಬರೀ ರುಚಿಯ ಮಾತಿಗೆ ಇನ್ನೊಂದು. ಯಾರು ಯೋಗ್ಯರು, ಯಾರು ಅಯೋಗ್ಯರು ಎಂಬ ಮಾತಿಗೆ ಮತ್ತೊಂದು. ಮೊದಲ ಎರಡು ಪುಟ ದಾಟಿದ ಮೇಲೆ ಅಳೆಯಬಹುದಾದ ಮಾತು ಒಂದೂ ಇರಲಿಲ್ಲ. ಮೆಮೊರಿ, ಫ್ರೇಮ್ ಎಂಬ ಪದಗಳು ಉಳಿದಿದ್ದವು. ಜಗಳ ಮಾತ್ರ ಎಂದೋ ಬೇರೆ ಕಡೆ ಹೊರಟುಹೋಗಿತ್ತು. ಅದು ತಿರುಗಿದ ಜಾಗವೂ ಸಿಕ್ಕಿತು. ಎದುರಾಳಿ ಬರೆದಿದ್ದ: "ಇದು ನಿಮ್ಮ ವೃತ್ತಿಯಲ್ಲ. ನಾಲ್ಕು ಜನ ನಂಬಿ ಕೂತ ಪ್ರಾಜೆಕ್ಟ್ ಒಂದನ್ನಾದರೂ ಮಾಡಿ ಬನ್ನಿ, ಆಮೇಲೆ ಮಾತಾಡೋಣ."

ಈ ಸಾಲನ್ನು ಅವರು ಹಾಳೆ ನೋಡದೆ ಒಪ್ಪಿಸಿದರು.

ನನ್ನ ಮಟ್ಟಿಗೆ ಪ್ರಕರಣದ ಕೀಲಿ ಇದ್ದದ್ದು ಇಲ್ಲಿ. ಪದವಿ ಇಲ್ಲ, ಹುದ್ದೆ ಇಲ್ಲ, ಸಂಬಳ ಇಲ್ಲ. ಬರೀ ಪ್ರೀತಿಗಾಗಿ ಕಲಿತ ವಿದ್ಯೆಗೆ ಸಾಕ್ಷಿ ಹೇಳುವವರು ಯಾರು? ಆ ಸಾಕ್ಷಿಯನ್ನು ಅವರು ಅಪರಿಚಿತರಿಂದ ಕೇಳುತ್ತಿದ್ದರು. ಒಂದು ವಾದ ಗೆದ್ದರೆ ತಾನೂ ಈ ಜನರಲ್ಲಿ ಒಬ್ಬ, ಸೋತರೆ ಅಲ್ಲ. ಹೀಗೆ ಕೂತವರಿಗೆ ಎಂಥ ಸಣ್ಣ ಪ್ರಶ್ನೆಯೂ ಸಣ್ಣದಾಗಿ ಕಾಣುವುದಿಲ್ಲ. ಮೊದಲು ಕೋಡಿನ ವಾದದಲ್ಲಿ ತಗುಲಿದ ಗಾಯವನ್ನು ಆಮೇಲೆ ಸಮಾಜದ ವಾದಗಳಿಗೂ ಹೊತ್ತುಕೊಂಡು ಹೋಗಿದ್ದರು. ಆಟಗಳ ಬಗ್ಗೆ ಯಾರೇ ಆಕ್ಷೇಪ ಎತ್ತಿದರೂ ಅದು ತನ್ನ ಬದುಕಿನ ಮೇಲಿನ ತೀರ್ಪಾಗಿ ಕೇಳಿಸುತ್ತಿತ್ತು.

ಇವರು ಬರೀ ಪೆಟ್ಟು ತಿಂದವರೂ ಅಲ್ಲ. ಅದೇ ಕಟ್ಟಿನಲ್ಲಿದ್ದ ಅವರದೇ ಒಂದು ಉತ್ತರವನ್ನು ಗಟ್ಟಿಯಾಗಿ ಓದಲು ಹೇಳಿದೆ. ಮೊದಲ ಸಾಲು ಸರಾಗವಾಗಿ ಬಂತು. ಎರಡನೆಯದಕ್ಕೆ ವೇಗ ತಗ್ಗಿತು. "ನಿಮ್ಮಂಥವರು ಕೀಬೋರ್ಡ್ ಮುಟ್ಟದಿದ್ದರೆ ಅದೇ ಲೋಕಕ್ಕೆ ದೊಡ್ಡ ಉಪಕಾರ" ಎಂಬಲ್ಲಿ ನಿಲ್ಲಿಸಿ ಹಾಳೆ ಕೆಳಗಿಟ್ಟರು. "ಎದುರಿಗೆ ಕೂತವರಿಗೆ ಹೀಗೆ ಹೇಳುತ್ತಿರಲಿಲ್ಲ ಮೇಡಂ. ತಮಾಷೆ ಅಂತಲೇ ಬರೆದಿದ್ದೆ." ಮುಖ ಕಾಣದಿದ್ದಾಗ, ಹೆಸರು ಹೊರಬೀಳದಿದ್ದಾಗ, ಉತ್ತರ ತಡವಾಗಿ ಬರುವಾಗ ನಾಲಿಗೆಯ ಲಗಾಮು ಹೇಗೆ ಸಡಿಲವಾಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲೇ ವಿವರವಾಗಿ ಬರೆದಿದ್ದಾರೆ. ತಮಾಷೆಯ ವಿಚಾರಕ್ಕೂ ಒಂದು ಅಧ್ಯಯನ ಇದೆ. 2005ರಲ್ಲಿ ಕ್ರೂಗರ್ ಮತ್ತು ಸಂಗಡಿಗರು ಇಮೇಲಿನಲ್ಲಿ ವ್ಯಂಗ್ಯ ಎಷ್ಟು ಮುಟ್ಟುತ್ತದೆಂದು ಪರೀಕ್ಷಿಸಿದರು. ಬರೆದವರು ಶೇ 78ರಷ್ಟು ಸರಿಯಾಗಿ ಅರ್ಥವಾಗುತ್ತದೆಂದು ನಂಬಿದ್ದರು. ಆದದ್ದು ಶೇ 56. ಕಣ್ಣು ಮುಚ್ಚಿ ಊಹಿಸಿದರೂ ಅರ್ಧದಷ್ಟು ಸರಿಯಾಗುತ್ತಿತ್ತು.

ಅವರು ಸುಲಭಕ್ಕೆ ಒಪ್ಪಲಿಲ್ಲ. "ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಇದಕ್ಕಿಂತ ಖಾರವಾಗಿ ಬರೆದವರು. ಲಿನಕ್ಸ್ ಜಗತ್ತನ್ನೇ ನಡೆಸುತ್ತಿಲ್ಲವೇ?" ಎಂದರು. 2018ರ ಸೆಪ್ಟೆಂಬರಿನಲ್ಲಿ ಏನಾಯಿತೆಂದು ಕೇಳಿದೆ. ಅವರಿಗೆ ಗೊತ್ತಿತ್ತು. ತನ್ನ ಕಟುವಾದ ಇಮೇಲ್‌ಗಳಿಗಾಗಿ ಟೊರ್ವಾಲ್ಡ್ಸ್ ಬಹಿರಂಗವಾಗಿ ಕ್ಷಮೆ ಕೇಳಿ ಕೆಲಕಾಲ ಕೆಲಸದಿಂದ ಹಿಂದೆ ಸರಿದಿದ್ದರು. ಅದೇ ವರ್ಷ ಜುಲೈನಲ್ಲಿ ಪೈಥಾನ್ ಭಾಷೆಯ ಜನಕ ಗೀಡೊ ವಾನ್ ರಾಸಮ್ ಒಂದು ಚಿಕ್ಕ ಚಿಹ್ನೆಯನ್ನು ಭಾಷೆಗೆ ಸೇರಿಸುವ ಜಗಳದಲ್ಲಿ ಬೇಸತ್ತು ಮುಂದಾಳತ್ವವನ್ನೇ ಬಿಟ್ಟರು. ಇದನ್ನು ನೆನಪಿಸಿದ್ದು ಸಲಹಾರ್ಥಿಯೇ. ಭಾಷೆಯನ್ನು ಹುಟ್ಟಿಸಿದವನಿಗೇ ಮಾತು ನಾಟಿದೆ ಎಂದಾದರೆ ತನಗೆ ನಾಟಿದ್ದು ದೌರ್ಬಲ್ಯವಲ್ಲ ಎನ್ನುವುದು ಆಗ ಅವರ ಬಾಯಿಂದಲೇ ಬಂತು. ನಾನು ಹೇಳಿದ್ದರೆ ಸಮಾಧಾನದ ಮಾತಾಗುತ್ತಿತ್ತು.

ಇನ್ನು ಸಲಹೆ. ಖಾತೆಯನ್ನೇ ಅಳಿಸಿಬಿಡಿ ಎಂದು ಹೇಳುತ್ತೇನೆಂದು ಪತ್ನಿ ನಿರೀಕ್ಷಿಸಿದ್ದರು. ನಾನು ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಅವರು ಕಲಿತದ್ದರಲ್ಲಿ ಅರ್ಧ ಇಂಥ ಚರ್ಚೆಗಳಿಂದಲೇ ಬಂದದ್ದು. ಆ ಆಸಕ್ತಿಯನ್ನು ಹಂಚಿಕೊಳ್ಳುವವರು ಅವರ ಸುತ್ತಮುತ್ತ ಯಾರೂ ಇಲ್ಲ. ಏಕಾಏಕಿ ಬಾಗಿಲು ಮುಚ್ಚಿದರೆ ಉಳಿಯುವುದು ಒಂಟಿತನ, ಕೆಲವೇ ದಿನಗಳಲ್ಲಿ ಇನ್ನೊಂದು ಹೆಸರಿನ ಖಾತೆ.

ಮೊದಲು ನಿದ್ದೆ. ಫೋನು ಮಲಗುವ ಕೋಣೆಯ ಹೊರಗೆ. ತಲೆಯಲ್ಲಿ ಉತ್ತರ ಸುತ್ತತೊಡಗಿದರೆ ಹಾಸಿಗೆಯ ಪಕ್ಕದ ಪುಸ್ತಕದಲ್ಲಿ ಗೀಚಿಡಬೇಕು, ಕಳಿಸುವುದು ಬೆಳಗಾದ ಮೇಲೆ. ಮನಸ್ಸಿಗೆ ಬೇಕಾಗಿರುವುದು ಮರೆತುಹೋಗುವುದಿಲ್ಲ ಎಂಬ ಭರವಸೆ ಅಷ್ಟೆ. ಗೀಚಿದ್ದರಲ್ಲಿ ಹೆಚ್ಚಿನವನ್ನು ಅವರು ಬೆಳಿಗ್ಗೆ ಕಳಿಸಲಿಲ್ಲ.

ಉತ್ತರ ಬರೆಯುವುದಕ್ಕೆ ಮೊದಲು ಎದುರಾಳಿಯ ವಾದವನ್ನು ಅವನೇ "ಹೌದು, ನಾನು ಹೇಳಿದ್ದು ಇದನ್ನೇ" ಎನ್ನುವಂತೆ ಒಂದು ಸಲ ಬರೆಯಬೇಕೆಂದೆ. ಇದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಅದಕ್ಕೆ ಅವರ ಲೋಕದ್ದೇ ಒಂದು ಉದಾಹರಣೆ ಸಿಕ್ಕಿತು. 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ, ಪ್ರೋಗ್ರಾಮನ್ನು ಒಂದು ಸಾಲಿನಿಂದ ಇನ್ನೊಂದಕ್ಕೆ ನೇರ ಹಾರಿಸುವ ಗೋಟು ಆದೇಶದ ವಿರುದ್ಧ ಪತ್ರ ಬರೆದರು. ಅದರ ಕೆರಳಿಸುವ ತಲೆಬರಹ ಅವರದಲ್ಲ, ಸಂಪಾದಕ ನಿಕ್ಲಾಸ್ ವಿರ್ತ್ ಕೊಟ್ಟದ್ದು. ಇನ್ನೊಬ್ಬ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1974ರಲ್ಲಿ ಈ ವಿಷಯದ ಮೇಲೆ ಸುದೀರ್ಘ ಪ್ರಬಂಧವನ್ನೇ ಬರೆದರು. ಎಲ್ಲಿ ಗೋಟು ಬೇಡ, ಎಲ್ಲಿ ಅದು ನಿಜವಾಗಿಯೂ ಕೆಲಸಕ್ಕೆ ಬರುತ್ತದೆ ಎಂಬುದನ್ನು ಒಂದೊಂದೇ ಕೋಡ್ ತುಣುಕು ಇಟ್ಟು ತೋರಿಸಿದರು. ನಡುವೆ ಆರು ವರ್ಷ! ಅಷ್ಟು ಕಾಯಲು ಯಾರಿಗೂ ಹೇಳಲಾರೆ, ಆದರೆ ಒಂದು ರಾತ್ರಿ ಕಾಯಬಹುದು. ಅಳೆದು ತೀರ್ಮಾನಿಸಬಹುದಾದ ವಾದಕ್ಕೆ ಇನ್ನು ಮುಂದೆ ಬರೀ ಮಾತಿನ ಉತ್ತರ ಬೇಡ, ಅಳತೆಯನ್ನೇ ಮುಂದಿಡಿ ಎಂದೆ. ರುಚಿಯ ವಾದಕ್ಕೆ ಒಂದು ಸಲ ಅಭಿಪ್ರಾಯ ಹೇಳಿದರೆ ಸಾಕು.

ಸಮಾಜದ ವಾದಗಳು ಹೀಗೆ ಅಳತೆಗೆ ಸಿಗುವುದಿಲ್ಲ. ಹಿಂಸೆಯ ಆಟಗಳ ವಾದವನ್ನೇ ನೋಡೋಣ. ಮಕ್ಕಳು ಕೆಡುತ್ತಾರೆ ಎಂದು ಎದುರಾಳಿ, ಏನೇನೂ ಪರಿಣಾಮ ಇಲ್ಲ ಎಂದು ಇವರು ಹಟ ಹಿಡಿದಿದ್ದರು. ಅಮೆರಿಕದ ಮನಶ್ಶಾಸ್ತ್ರ ಸಂಘ 2020ರಲ್ಲಿ ಹೇಳಿದ್ದು ಇದಕ್ಕಿಂತ ಸೂಕ್ಷ್ಮವಾದದ್ದು: ಆಟಗಳಿಗೂ ಹಿಂಸಾಕೃತ್ಯಗಳಿಗೂ ನಂಟು ಕಟ್ಟಲು ಸಾಕಷ್ಟು ಆಧಾರವಿಲ್ಲ, ಆದರೆ ಕಿರುಚಾಟ, ತಳ್ಳಾಟದಂಥ ಆಕ್ರಮಣಶೀಲತೆಯೊಂದಿಗೆ ಸಣ್ಣ ಸಂಬಂಧ ಕಾಣುತ್ತದೆ. ಇಬ್ಬರಿಗೂ ಸ್ವಲ್ಪ ಸ್ವಲ್ಪ ಸತ್ಯ ಸಿಕ್ಕಿತ್ತು. ಅದಕ್ಕಿಂತ ಮುಖ್ಯವಾದದ್ದು ಆ ಎದುರಾಳಿಯ ಬರಹದ ನಡುವೆ ಹುದುಗಿದ್ದ ಒಂದು ಸಾಲು: "ನನ್ನ ಮಗ ಈಚೆಗೆ ನನಗೆ ಮುಖ ಕೊಟ್ಟು ಮಾತಾಡುವುದಿಲ್ಲ." ಇವರು ಅದಕ್ಕೆ ಅಂಕಿಅಂಶಗಳ ಉತ್ತರ ಕೊಟ್ಟಿದ್ದರು. ನಾನು ಬೆರಳಿಟ್ಟು ತೋರಿಸುವವರೆಗೆ ಆ ಸಾಲು ಅವರ ಕಣ್ಣಿಗೇ ಬಿದ್ದಿರಲಿಲ್ಲ. ಹಿಂಸೆಯ ಬಗ್ಗೆ ವಾದಿಸುತ್ತಿದ್ದದ್ದು ಮಗನ ಚಿಂತೆಯಲ್ಲಿದ್ದ ಒಬ್ಬ ಅಪ್ಪ. ಮೌಲ್ಯಗಳ ವಾದದಲ್ಲಿ ತರ್ಕ ಬಿಚ್ಚುವ ಮೊದಲು ಆ ಮನುಷ್ಯನಿಗೆ ಯಾವುದರ ಭಯ ಎಂದು ಹುಡುಕಿ, ಗೊತ್ತಾಗದಿದ್ದರೆ ಕೇಳಿ ಎಂದು ಸಲಹೆ ಕೊಟ್ಟೆ. ಅವಮಾನಿಸಲೆಂದೇ ಬಂದವರ ವಿಷಯ ಬೇರೆ. ಅವರಿಗೆ ಉತ್ತರಿಸುವ ಹೊಣೆ ಯಾರಿಗೂ ಇಲ್ಲ. ಖಾತೆಯನ್ನು ತಡೆದು ಮುಂದೆ ಹೋಗುವುದು ಹೇಡಿತನವಲ್ಲ.

ಕೊನೆಯದಾಗಿ ಆಟ. ಎಲ್ಲಿಗೆ ನಿಂತಿದೆ ಎಂದು ಕೇಳಿದೆ. ಕಥಾನಾಯಕ ವೇಗವಾಗಿ ಜಿಗಿದರೆ ಗೋಡೆಯನ್ನು ತೂರಿ ಆಚೆ ಹೋಗಿಬಿಡುತ್ತಾನಂತೆ. ಒಂದು ಫ್ರೇಮಿನಲ್ಲಿ ಗೋಡೆಯ ಈಚೆ, ಮುಂದಿನ ಫ್ರೇಮಿನಲ್ಲಿ ಆಚೆ. ಎರಡೂ ಫ್ರೇಮುಗಳಲ್ಲಿ ಪರೀಕ್ಷಿಸಿದರೂ ಡಿಕ್ಕಿ ಕಾಣುವುದೇ ಇಲ್ಲ. ಅವನಿದ್ದ ಜಾಗ ಮಾತ್ರವಲ್ಲ, ಸಾಗಿದ ದಾರಿಯನ್ನೆಲ್ಲ ಪರೀಕ್ಷಿಸಬೇಕು ಎನ್ನುತ್ತಾ ನನ್ನ ಪೆನ್ಸಿಲ್ ಇಸಿದುಕೊಂಡು, ಅದೇ ಮುದ್ರಿತ ಹಾಳೆಯ ಹಿಂಬದಿಯಲ್ಲಿ ಚೌಕ ಬರೆದು, ಗೆರೆ ಎಳೆದು ತೋರಿಸಿದರು. ದನಿಯಲ್ಲಿ ಸಿಡುಕಿರಲಿಲ್ಲ. ಎದುರಾಳಿ ಯಾರೂ ಇರಲಿಲ್ಲ, ತೀರ್ಪು ಕೊಡುವವರೂ ಇರಲಿಲ್ಲ. ವಾದ ಮಾಡಿದಾಗ ಕೆಲಸ ಮಾಡಿದ ದಣಿವು ಬರುತ್ತದೆ, ಆಟ ಮಾತ್ರ ಒಂದು ಸಾಲೂ ಮುಂದೆ ಹೋಗಿರುವುದಿಲ್ಲ ಎಂದು ಅವರೇ ಗುರುತಿಸಿದರು. ಸಂಜೆಯ ಮೊದಲ ಹೊತ್ತು ಆಟಕ್ಕೆ, ಮಿಕ್ಕಿದ್ದರಲ್ಲಿ ಚರ್ಚೆ ಎಂಬ ಕಟ್ಟಳೆಯನ್ನು ಹಾಕಿಕೊಂಡದ್ದೂ ಅವರೇ.

ನಿದ್ದೆ ಸುಧಾರಿಸಿದೆ. ಗೋಡೆಯ ದೋಷ ಸರಿಹೋಗಿದೆ, ಆಟ ಇನ್ನೂ ಮುಗಿದಿಲ್ಲ. ವಾದಗಳು ನಿಂತಿಲ್ಲ, ನಿಲ್ಲಬೇಕೆಂದು ನಾನೂ ಬಯಸಿರಲಿಲ್ಲ. ಎರಡು ಸಲ ಹಳೆಯ ಚಾಳಿಗೆ ಜಾರಿದ್ದಾರೆ. ಎರಡೂ ಸಲ ಎದುರಿನವರು ಅವರ ಓದಿನ ಹಿನ್ನೆಲೆಯನ್ನು ಕೆದಕಿದ್ದರು. ಆ ಗಾಯ ಇಷ್ಟು ಬೇಗ ಮಾಯುವಂಥದ್ದಲ್ಲ, ಅದರ ಮೇಲಿನ ಕೆಲಸ ನಡೆದಿದೆ. ಆ ಅಪ್ಪನಿಗೆ ಬರೆಯಲೇ ಎಂದು ಕೇಳಿದರು. ಬರೆಯಿರಿ, ಅಧ್ಯಯನಗಳ ಸುದ್ದಿ ಬೇಡ, ಮಗ ಹೇಗಿದ್ದಾನೆಂದು ಕೇಳಿ ಎಂದೆ. ಬರೆದರು. ಮಗ ಆಡುವ ಆಟದ ಹೆಸರು ಹೇಳಿ, ಅದರಲ್ಲಿ ಏನಿದೆ ಎಂದು ಆತ ತಿರುಗಿ ಕೇಳಿದ್ದಾರೆ.

ಪತ್ನಿಯ ಮಾತನ್ನು ಬೇರೆಯಾಗಿಯೇ ಕೇಳಿದೆ. ಅವರ ದೂರು ಗೇಮಿನ ಬಗ್ಗೆ ಇರಲೇ ಇಲ್ಲ. "ಊರವರಿಗೆಲ್ಲ ಅಷ್ಟುದ್ದ ಉತ್ತರ ಬರೀತಾರೆ, ನಾನು ಕೇಳಿದ್ದಕ್ಕೆ ಹೂಂ ಅಂತಾರೆ" ಎಂದರು. ಇದು ಬೇರೆಯೇ ಕೆಲಸ, ಇಬ್ಬರೂ ಜೊತೆಗೆ ಕೂತು ಮಾಡಬೇಕಾದದ್ದು. ದಂಪತಿಯ ಜಂಟಿ ಭೇಟಿಗಳು ಈ ತಿಂಗಳಿಂದ ಶುರುವಾಗಿವೆ.