‘ಏನಾದ್ರೂ ಬೇಕಿದ್ರೆ ಹೇಳ್ರಿ’ ಅಂದವರಿಗೆ ಏನು ಹೇಳಲಿ?

ಪ್ರಶ್ನೆ: ಅಕ್ಕಾ, ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಮಳೆಯಲ್ಲಿ ಮೆಟ್ಟಿಲ ಮೇಲೆ ಜಾರಿ ಬಲಗಾಲು ಪಾದದ ಕೀಲಿನ ಹತ್ತಿರ ಮುರಿದಿದೆ. ಪ್ಲಾಸ್ಟರ್ ಹಾಕಿ, ಆರು ವಾರ ಆ ಕಾಲು ಊರಲೇಬಾರದು ಅಂದಿದ್ದಾರೆ. ಯಜಮಾನರು ಲಾರಿ ಓಡಿಸುತ್ತಾರೆ, ಹದಿನೈದು ದಿನಕ್ಕೊಮ್ಮೆ ಬಂದರೆ ಹೆಚ್ಚು. ಮಗಳು ಎಂಟನೇ ಕ್ಲಾಸು. ನಲ್ಲಿ ನೀರು ವಾರಕ್ಕೆ ಎರಡು ಸಲ, ಅದೂ ಅವಳು ಸ್ಕೂಲಿಗೆ ಹೋದ ಮೇಲೆ ಬರುತ್ತದೆ. ಕಕ್ಕಸು ಕುಕ್ಕರಗಾಲಲ್ಲಿ ಕೂರುವಂಥದ್ದು. ನೋಡಲು ಬರುವವರಿಗೇನೂ ಕೊರತೆಯಿಲ್ಲ. ಮೋಸಂಬಿ, ಬ್ರೆಡ್ಡು ತಂದು ಒಂದು ತಾಸು ಕೂರುತ್ತಾರೆ, ಮಗಳು ಓದು ಬಿಟ್ಟು ಚಹಾ ಮಾಡಬೇಕು. ಹೋಗುವಾಗ ‘ಏನಾದ್ರೂ ಬೇಕಿದ್ರೆ ಹೇಳ್ರಿ’ ಅನ್ನುತ್ತಾರೆ. ಕೇಳಲು ನನಗೆ ಬಾಯೇ ಬರುವುದಿಲ್ಲ. ಅಂಗವಿಕಲರ ಕಾರ್ಡ್ ಮಾಡಿಸಿದರೆ ಗಾಲಿಕುರ್ಚಿ ಪುಕ್ಕಟೆ ಸಿಗುತ್ತದೆ ಎಂದು ಒಬ್ಬರು ಹೇಳಿದರು. ನಿಜವೇ?
– ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ಕಾರ್ಡಿನ ಮಾತು ಮೊದಲು ಮುಗಿಸಿಬಿಡೋಣ, ತಂಗಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನೋಡುವುದು ದೀರ್ಘಕಾಲ ಉಳಿಯುವ ವೈಕಲ್ಯವನ್ನು. ಸವಲತ್ತುಗಳಲ್ಲಿ ಹೆಚ್ಚಿನವು ಶೇ 40 ಮತ್ತು ಅದಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ. ಆರು ವಾರದಲ್ಲಿ ಕೂಡಿಕೊಳ್ಳುವ ಮೂಳೆ ಅದರಲ್ಲಿ ಬರುವುದಿಲ್ಲ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಹಿಡಿಯುವ ಅಪಘಾತ ವಿಮೆಯೂ ಅಷ್ಟೇ, ಸಾವಿಗೆ ಮತ್ತು ಶಾಶ್ವತ ಊನಕ್ಕೆ ಮಾತ್ರ. ಇದಕ್ಕಾಗಿ ಕಚೇರಿ ಅಲೆಯಬೇಡಿ, ಅಲೆಯಲು ಈಗ ನಿಮಗಿರುವುದೇ ಒಂದು ಕಾಲು.

(ಗಾರ್ಮೆಂಟ್ಸಿಗೆ ಹೋಗುವವರು ಯಾರಾದರೂ ಓದುತ್ತಿದ್ದರೆ: ನಿಮ್ಮ ಸಂಬಳದಲ್ಲಿ ಇಎಸ್‌ಐ ಹಿಡಿಯುತ್ತಾರಲ್ಲ, ಕಾಯಿಲೆ ರಜೆಗೆ ಅದರಿಂದ ವರ್ಷಕ್ಕೆ 91 ದಿನಗಳವರೆಗೆ ಶೇ 70ರಷ್ಟು ಕೂಲಿ ಬರುತ್ತದೆ. ಕೆಲಸದಲ್ಲಿ ಬಿದ್ದು ಆದ ಪೆಟ್ಟಾದರೆ ಗುಣವಾಗುವವರೆಗೆ ಶೇ 90. ಕೆಲಸಕ್ಕೆ ಹೋಗಿ ಬರುವ ದಾರಿಯ ಅಪಘಾತವೂ ಇದರಲ್ಲಿ ಸೇರಬಹುದು, ಎಲ್ಲಿ ಬಿದ್ದಿರಿ ಎಂದು ಮೊದಲ ದಿನವೇ ಬರೆಸಿ.)

ಗಾಲಿಕುರ್ಚಿ ನಿಮಗೆ ಬೇಕಾಗಿಯೂ ಇಲ್ಲ. ಬಾಡಿಗೆ ಮನೆಯ ಹೊಸ್ತಿಲು, ಕಿರಿದಾದ ಬಚ್ಚಲ ಬಾಗಿಲು ಅದನ್ನು ಒಳಗೆ ಬಿಡುವುದಿಲ್ಲ. ಬೇಕಾಗಿರುವುದು ವಾಕರ್, ಮತ್ತು ಕಕ್ಕಸಿನ ಮೇಲೆ ಇಡುವ, ನಡುವೆ ತೂತಿರುವ ಕಮೋಡ್ ಸ್ಟೂಲು. ಎರಡನ್ನೂ ಕೊಳ್ಳಬೇಡಿ. ಎಷ್ಟೋ ಊರುಗಳಲ್ಲಿ ಲಯನ್ಸ್, ರೋಟರಿ, ಜೈನ ಸಮಾಜದವರು ಇಂಥವನ್ನು ಠೇವಣಿ ಇಟ್ಟುಕೊಂಡು ಎರವಲು ಕೊಡುತ್ತಾರೆ. ಯಾರ ಹತ್ತಿರ ಇದೆ ಎಂಬುದು ಆಸ್ಪತ್ರೆಯ ಮೂಳೆ ವಾರ್ಡಿನ ಸಿಸ್ಟರಿಗೆ ಗೊತ್ತಿರುತ್ತದೆ. ಬಹಳ ವರ್ಷ ಆ ಕೆಲಸ ಮಾಡಿದವಳಾಗಿ ಹೇಳುತ್ತಿದ್ದೇನೆ, ಡಾಕ್ಟರನ್ನು ಕೇಳಬೇಡಿ, ಸಿಸ್ಟರನ್ನೇ ಕೇಳಿ. ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿಯೇ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಬಹುದು. ಕಾರ್ಡ್ ಇಲ್ಲದಿದ್ದರೂ, ಯಾರ ಮನೆಯ ಅಟ್ಟದಲ್ಲಿ ವಾಕರ್ ಬಿದ್ದಿದೆ ಎಂದು ಅವರು ಹೇಳಿಯಾರು. ಎರವಲು ತಂದದ್ದರ ಕಾಲಿನ ರಬ್ಬರ್ ಬುಷ್ ಸವೆದಿದ್ದರೆ ಬದಲಾಯಿಸಿ, ಒದ್ದೆ ಬಚ್ಚಲಲ್ಲಿ ಅದೇ ಜಾರುವುದು. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಅಲ್ಲಿಗೆ ಹಿಡಿ ಇರಲಿ.

ಇನ್ನು ಬಾಯಿ ಬಾರದ ಸಂಗತಿ. ‘ಏನಾದ್ರೂ ಬೇಕಿದ್ರೆ ಹೇಳ್ರಿ’ ಅನ್ನುವವರು ಸುಳ್ಳು ಹೇಳುತ್ತಿಲ್ಲ, ಏನು ಮಾಡಬೇಕೆಂದು ಅವರಿಗೆ ತಿಳಿಯುವುದಿಲ್ಲ, ಅಷ್ಟೇ. ‘ಸ್ವಲ್ಪ ಸಹಾಯ ಮಾಡ್ರಿ’ ಎಂದರೆ ಯಾರೂ ಕದಲುವುದಿಲ್ಲ. ‘ಮಂಗಳವಾರ, ಶುಕ್ರವಾರ ನೀರು ಬಿಟ್ಟಾಗ ನಮ್ಮ ಡ್ರಮ್ಮಿಗೂ ಪೈಪು ಹಾಕ್ತೀರೇನ್ರಿ, ದೀಪಾವಳಿ ತನಕ ಅಷ್ಟೇ’ ಅನ್ನಿ. ಕೆಲಸ ಯಾವುದು, ಯಾವ ದಿನ, ಎಲ್ಲಿಯವರೆಗೆ, ಮೂರೂ ಅದರಲ್ಲಿ ಬಂದುಬಿಡಬೇಕು. ಕಡೆಯದೇ ದೊಡ್ಡದು. ವರ್ಷಗಟ್ಟಲೆ ಹಾಸಿಗೆ ಹಿಡಿದವರ ಮನೆಯಲ್ಲಿ ನೆರೆಯವರು ಹಿಂಜರಿಯುವುದು ಇದು ಎಂದಿಗೆ ಮುಗಿಯುತ್ತದೋ ಎಂಬ ಭಯಕ್ಕೆ. ನಿಮ್ಮದಕ್ಕೆ ಕೊನೆಯ ದಿನವಿದೆ, ಅದನ್ನು ಬಾಯಿಬಿಟ್ಟು ಹೇಳಿ.

ಯಾರನ್ನು ಕೇಳಬೇಕು? ಹತ್ತಿರದ ನೆಂಟರನ್ನಲ್ಲ. ನಾನು ಕಂಡಂತೆ ನೆಂಟರು ಹಣ್ಣು, ಉಪದೇಶ ಎರಡರಲ್ಲೂ ಧಾರಾಳಿಗಳು, ಬಸ್ಸು ಹಿಡಿದು ಬರಬೇಕಾದವರು ವಾರಕ್ಕೆರಡು ಸಲ ಬರಲಾರರು. ಹೇಗೂ ನಿಮ್ಮ ಬಾಗಿಲ ಮುಂದೆ ಹಾದುಹೋಗುವವರನ್ನು ಹಿಡಿಯಿರಿ. ಹಾಲಿನವನು ಪಾಕೀಟನ್ನು ಗೇಟಿಗೆ ತೂಗುಹಾಕುವ ಬದಲು ಒಳಗಿನ ಕಟ್ಟೆಯ ಮೇಲೆ ಇಡಲಿ. ಪಕ್ಕದ ಓಣಿಯಿಂದ ಮಾರ್ಕೆಟ್ಟಿಗೆ ಹೋಗುವಾಕೆ ನಿಮ್ಮ ಚೀಲವನ್ನೂ ಒಯ್ಯಲಿ. ಸ್ತ್ರೀ ಶಕ್ತಿ ಸಂಘದಲ್ಲಿದ್ದರೆ ಆರು ವಾರದ ಸಭೆಗಳನ್ನು ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಲು ಹೇಳಿ. ಹತ್ತು ಜನ ಬಂದು ಹೋಗುವ ಮನೆಯಲ್ಲಿ ಕಸ ಗುಡಿಸದೆ ಯಾರೂ ಏಳುವುದಿಲ್ಲ.

ಋಣ ಅನ್ನಿಸುತ್ತದೆಯೇ? ನಾನು ಸೊರಬದ ಕಡೆಯವಳು. ನಮ್ಮಲ್ಲಿ ನಾಟಿಗೆ ಮುಯ್ಯಾಳು ಪದ್ಧತಿ ಇತ್ತು. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮದಕ್ಕೆ ನೀವು, ಯಾರಿಗೂ ಸಂಕೋಚವಿರಲಿಲ್ಲ. ನಿಮ್ಮ ಕೈ ಎರಡೂ ಗಟ್ಟಿ ಇವೆಯಲ್ಲ? ನೀರು ಹಿಡಿದುಕೊಟ್ಟಾಕೆಯ ಸೀರೆಗೆ ಫಾಲ್ ಹಚ್ಚಿಕೊಡಿ, ಮಾರ್ಕೆಟ್ಟಿನಾಕೆಯ ಸೀರೆಗೆ ಕುಚ್ಚು ಕಟ್ಟಿ. ಹೆಮ್ಮಿಂಗ್, ಹುಕ್ಸ್, ಕಾಜಾ ಇವೆಲ್ಲ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡು ಆಗುವ ಕೆಲಸಗಳೇ. ಮಷೀನಿನ ಕೆಲಸವನ್ನು ಈ ಆರು ವಾರ ಇನ್ನೊಬ್ಬ ಟೈಲರಿಗೆ ಕೊಟ್ಟು ಕೈಹೊಲಿಗೆಯನ್ನು ನೀವು ತೆಗೆದುಕೊಳ್ಳಿ, ಗಿರಾಕಿ ಕೈತಪ್ಪುವುದಿಲ್ಲ.

ನೋಡಲು ಬಂದವರಿಗೆ ಚಹಾ ಕೊಡದಿದ್ದರೆ ಏನೂ ಆಗುವುದಿಲ್ಲ. ಅಷ್ಟು ಬೇಜಾರೆನಿಸಿದರೆ ‘ನೀವೇ ಮಾಡ್ರಿ, ನನಗೂ ಅರ್ಧ ಕಪ್ ಇರಲಿ’ ಅನ್ನಿ. ಮಗಳು ಪುಸ್ತಕ ಬಿಟ್ಟು ಏಳಬಾರದು. ವಾಕರ್ ಹಿಡಿದರೆ ಎರಡು ಕೈಯೂ ಅದಕ್ಕೇ, ಲೋಟ ಒಯ್ಯಲಾಗದು. ವಾಕರಿಗೆ ಬಟ್ಟೆ ಚೀಲವೊಂದನ್ನು ಕಟ್ಟಿಕೊಳ್ಳಿ, ಮುಚ್ಚಳದ ಫ್ಲಾಸ್ಕು, ಮೊಬೈಲು ಅದರಲ್ಲಿರಲಿ.

ಮೊಬೈಲಿನಲ್ಲಿ ಆಟೋದವನೊಬ್ಬನ ನಂಬರು ಇರಲಿ, ರಾತ್ರಿ ಕರೆದರೂ ಬರುವವನದು. ಬೆರಳುಗಳು ನೀಲಿಯಾದರೆ, ಜೋಮು ಹಿಡಿದರೆ, ಮೀನಖಂಡ ಬಿಗಿದು ನೋಯತೊಡಗಿದರೆ ಬೆಳಗಾಗಲಿ ಎಂದು ಕಾಯಬೇಡಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಆಟೋವನ್ನೂ ಕಾಯದೆ 108ಕ್ಕೆ ಫೋನ್ ಮಾಡಿ.